‘ಜೀವನದಲ್ಲಿ ಜಿಗುಪ್ಸೆಗೊಂಡು’ ಎಂದು ಬರೆಯುವ ಮೊದಲು

ಜಿಲ್ಲಾ ಪುಟ ಓದುವವರಿಗೆ ಈ ಸಾಲುಗಳು ಬಾಯಿಪಾಠ. ‘ಸಾಲಬಾಧೆ ತಾಳಲಾರದೆ ರೈತ ಆತ್ಮಹತ್ಯೆ.’ ‘ಹೊಟ್ಟೆನೋವು ತಾಳಲಾರದೆ ಮಹಿಳೆ ಆತ್ಮಹತ್ಯೆ.’ ‘ಜೀವನದಲ್ಲಿ ಜಿಗುಪ್ಸೆಗೊಂಡು ಯುವಕ ಆತ್ಮಹತ್ಯೆ.’ ಮೂರೂ ಸಾಲು ಹುಟ್ಟುವುದು ಹೆಚ್ಚಾಗಿ ಒಂದೇ ಕಡೆ, ಪೊಲೀಸ್ ಠಾಣೆಯ ಯುಡಿಆರ್‌ನಲ್ಲಿ. ಮನೆಯವರು ದುಃಖದಲ್ಲಿ, ಗಡಿಬಿಡಿಯಲ್ಲಿ, ಕೆಲವೊಮ್ಮೆ ಮರ್ಯಾದೆಗೆ ಅಂಜಿ ಹೇಳಿದ್ದನ್ನು ಠಾಣೆಯ ರೈಟರ್ ಬರೆದುಕೊಳ್ಳುತ್ತಾರೆ. ಅದು ವಾಟ್ಸ್‌ಆ್ಯಪ್‌ನಲ್ಲಿ ವರದಿಗಾರರಿಗೆ ಬರುತ್ತದೆ, ಸಂಜೆಯೊಳಗೆ ಡೆಸ್ಕ್ ಮುಟ್ಟುತ್ತದೆ.

ಈ ‘ಕಾರಣ’ದ ಕಾಲಂ ನಂಬಬೇಡಿ ಎಂದು 1897ರಲ್ಲೇ ಒಬ್ಬ ಮೇಷ್ಟ್ರು ಬರೆದಿದ್ದರು. ಹೆಸರು ಎಮಿಲ್ ಡರ್ಖೈಮ್, ಹುಟ್ಟೂರು ಫ್ರಾನ್ಸಿನ ಎಪಿನಾಲ್. ಪಿಯುಸಿಯಲ್ಲಿ ಸಮಾಜಶಾಸ್ತ್ರ ತೆಗೆದುಕೊಂಡವರಿಗೆ ಹೆಸರು ನೆನಪಿರಬಹುದು. ಸಮಾಜಶಾಸ್ತ್ರದ ಪಿತಾಮಹ ಯಾರು? ಆಗಸ್ಟ್ ಕಾಮ್ಟ್. ‘ಆತ್ಮಹತ್ಯೆ’ ಗ್ರಂಥ ಬರೆದವರು ಯಾರು? ಡರ್ಖೈಮ್. ಒಂದೊಂದು ಅಂಕ ಬಂತು, ಪುಸ್ತಕ ಅಟ್ಟ ಸೇರಿತು. ಅಂಕಕ್ಕಿಂತ ಹೆಚ್ಚಿನ ಕೆಲಸಕ್ಕೆ ಈ ಜನ ಹಳ್ಳಿಯ ಓದುಗರಿಗೂ ಹಳ್ಳಿಯ ಸುದ್ದಿ ಬರೆಯುವವರಿಗೂ ಬೇಕು ಎಂಬುದು ನಮ್ಮ ವಾದ.

ಕಾಮ್ಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಈ ಶಾಸ್ತ್ರಕ್ಕೆ 1839ರ ಹೊತ್ತಿಗೆ ಹೆಸರಿಟ್ಟವರು ಅವರು. ಗಿಡಮರ, ಗ್ರಹನಕ್ಷತ್ರಗಳನ್ನು ಗಮನಿಸಿ ನಿಯಮ ಹುಡುಕುವ ಹಾಗೆ ಮನುಷ್ಯರ ಸಮಾಜವನ್ನೂ ಗಮನಿಸಿ ಅರಿಯಬಹುದು ಎಂದರು. ಕೊನೆಗಾಲದಲ್ಲಿ ತಾವೇ ಒಂದು ಹೊಸ ಧರ್ಮ ಕಟ್ಟಲು ಹೊರಟರು, ಅದು ಬೇರೆ ಕತೆ.

ಕಾರ್ಲ್ ಮಾರ್ಕ್ಸ್ ನಮ್ಮ ಕಸುಬಿನವರು. 1842ರಲ್ಲಿ, 24ನೇ ವಯಸ್ಸಿಗೆ, ಜರ್ಮನಿಯ ಕಲೋನ್ ನಗರದ ಪತ್ರಿಕೆಯೊಂದಕ್ಕೆ ಸಂಪಾದಕರಾದರು. ಆಗ ಅವರು ಬರೆದ ದೊಡ್ಡ ವರದಿಗಳಲ್ಲಿ ಒಂದು ಸೌದೆಯ ಬಗ್ಗೆ. ಕಾಡಿನಲ್ಲಿ ಬಿದ್ದ ಒಣಕಡ್ಡಿ ಆಯುವುದು ಬಡವರ ಹಳೇ ರೂಢಿ. ಅದನ್ನೂ ಕಳ್ಳತನ ಎಂದು ಬರೆಯುವ ಕಾನೂನು ಅಲ್ಲಿನ ಪ್ರಾಂತ್ಯದ ಸಭೆಯಲ್ಲಿ ಚರ್ಚೆಗೆ ಬಂದಿತ್ತು. ಕಾನೂನು ಯಾರ ಪರವಾಗಿ ಮಾತಾಡುತ್ತಿದೆ ಎಂದು ಮಾರ್ಕ್ಸ್ ಕೇಳಿದರು. ಮೊಸೆಲ್ ಕಣಿವೆಯ ದ್ರಾಕ್ಷಿ ಬೆಳೆಗಾರರ ಕಷ್ಟವನ್ನೂ ಬರೆದರು. ಮರುವರ್ಷ ಸರ್ಕಾರ ಪತ್ರಿಕೆಯನ್ನೇ ಮುಚ್ಚಿಸಿತು. ತಮ್ಮನ್ನು ಅರ್ಥಶಾಸ್ತ್ರದ ಕಡೆ ತಿರುಗಿಸಿದ್ದು ಈ ಸೌದೆ ಮತ್ತು ದ್ರಾಕ್ಷಿಯೇ ಎಂದು ಮುಂದೆ ಅವರೇ ಹೇಳಿಕೊಂಡಿದ್ದಾರೆ. ‘ಸಂಘರ್ಷ ಸಿದ್ಧಾಂತ’ ಎಂದು ನೋಟ್ಸ್‌ನಲ್ಲಿ ಬರೆದುಕೊಳ್ಳುವುದರ ಬೇರು ಇಲ್ಲಿದೆ.

ಮ್ಯಾಕ್ಸ್ ವೇಬರ್ 1892ರಲ್ಲಿ ಎಲ್ಬೆ ನದಿಯ ಪೂರ್ವಭಾಗದ ಕೃಷಿ ಕೂಲಿಗಳ ಬಗ್ಗೆ ದೊಡ್ಡ ವರದಿ ಬರೆದರು. ಪ್ರಶ್ನಾವಳಿ ಹೋಗಿದ್ದು ಕೂಲಿಗಳಿಗಲ್ಲ, ಜಮೀನ್ದಾರರಿಗೆ! ಅಂಥ ಉತ್ತರಗಳ ನಡುವೆಯೂ ವೇಬರ್ ಒಂದು ಸಂಗತಿ ಹೆಕ್ಕಿದರು. ಕೂಲಿಗಳು ಊರು ಬಿಡುತ್ತಿರುವುದು ಬರೀ ಹೆಚ್ಚಿನ ದುಡ್ಡಿಗಲ್ಲ, ಧಣಿಯ ಹಂಗು ಬೇಡ ಎಂಬುದಕ್ಕೂ ಹೌದು. ಊಟಕ್ಕೆ ಕೊರತೆಯಿಲ್ಲದ ಕಡೆಯಿಂದಲೂ ಜನ ಹೊರಟಿದ್ದರು. ಹೊರಗಿನ ಲೆಕ್ಕ ಸಾಲದು, ಮಾಡುವವನ ಮನಸ್ಸಿನಲ್ಲಿ ಆ ಕೆಲಸಕ್ಕೆ ಏನು ಅರ್ಥ ಇದೆ ಎಂದು ತಿಳಿಯಬೇಕು ಎಂಬುದು ಮುಂದೆ ವೇಬರ್ ದಾರಿಯಾಯಿತು. ‘ಊರಲ್ಲೇ ಕೆಲಸ ಇದ್ದರೂ ಹುಡುಗರು ಬೆಂಗಳೂರಿಗೆ ಓಡುತ್ತಾರೆ’ ಎಂದು ಗೊಣಗುವ ಹಿರಿಯರಿಗೆ ಈ ವರದಿ ಓದಿ ಹೇಳಬೇಕು.

ಈಗ ಡರ್ಖೈಮ್‌ಗೆ ಬರೋಣ. ಅವರ ಪುಸ್ತಕಕ್ಕಾಗಿ ಅಳಿಯ (ಅಕ್ಕನ ಮಗ) ಮಾರ್ಸೆಲ್ ಮೌಸ್ ಸುಮಾರು 26,000 ಆತ್ಮಹತ್ಯೆಗಳ ದಾಖಲೆಗಳನ್ನು ವಯಸ್ಸು, ಲಿಂಗ, ಮದುವೆ, ಮಕ್ಕಳು ಎಂದು ವಿಂಗಡಿಸಿಕೊಟ್ಟರು. ಆ ಕಾಲದ ಅಧಿಕಾರಿಗಳೂ ‘ಕಾರಣ’ ಬರೆಯುತ್ತಿದ್ದರು: ಬಡತನ, ಮನೆ ಜಗಳ, ಕುಡಿತ, ಕಾಯಿಲೆ. ಡರ್ಖೈಮ್ ಎರಡು ವಿಚಿತ್ರ ಗಮನಿಸಿದರು. ಒಂದು, ವರ್ಷದಿಂದ ವರ್ಷಕ್ಕೆ ಸಾವಿನ ಸಂಖ್ಯೆ ಏರುತ್ತಿದ್ದರೂ ಈ ಕಾರಣಗಳ ಪಾಲು ಹೆಚ್ಚುಕಡಿಮೆ ಹಾಗೇ ಇತ್ತು. ಇನ್ನೊಂದು, ರೈತರಿಗೂ ವಕೀಲ-ವೈದ್ಯರಂಥ ಓದಿದ ವೃತ್ತಿಯವರಿಗೂ ಕಾರಣಗಳ ಪಟ್ಟಿ ಬಹುತೇಕ ಒಂದೇ. ನೇಗಿಲು ಹಿಡಿದವನ ಬದುಕಿಗೂ ಕಚೇರಿಯಲ್ಲಿ ಕೂತವನ ಬದುಕಿಗೂ ಅಜಗಜಾಂತರ ಇರುವಾಗ ಇದು ಹೇಗೆ ಸಾಧ್ಯ? ಹಾಗಾಗಿ ಆ ಕಾಲಂ ತೋರಿಸುವುದು ಸಾವಿನ ಕಾರಣವನ್ನಲ್ಲ, ಕಾರಣದ ಬಗ್ಗೆ ಕೆಳಹಂತದ ಅಧಿಕಾರಿಗಳಿಗಿದ್ದ ಅಭಿಪ್ರಾಯವನ್ನು ಎಂದು ತೀರ್ಮಾನಿಸಿದರು.

ಕಾಲಂ ಪಕ್ಕಕ್ಕಿಟ್ಟು ಬೇರೆ ಪ್ರಶ್ನೆ ಕೇಳಿದರು. ಯಾವ ಗುಂಪಿನಲ್ಲಿ ಪ್ರಮಾಣ ಹೆಚ್ಚು, ಎಲ್ಲಿ ಕಡಿಮೆ? ಮಕ್ಕಳಿರುವ ಸಂಸಾರಗಳಲ್ಲಿ ಕಡಿಮೆ, ಒಂಟಿಯವರಲ್ಲಿ ಹೆಚ್ಚು. ವ್ಯಾಪಾರ ಬಿದ್ದಾಗ ಹೆಚ್ಚು, ಆದರೆ ದಿಢೀರ್ ಸಿರಿ ಬಂದಾಗಲೂ ಹೆಚ್ಚು. ಅಂದರೆ ಬಡತನವೊಂದರಿಂದ ಲೆಕ್ಕ ಹೊಂದುವುದಿಲ್ಲ. ಮನುಷ್ಯನನ್ನು ಹಿಡಿದಿಟ್ಟ ನಂಟು ಸಡಿಲವಾದಾಗ, ಬದುಕಿನ ಕಟ್ಟಳೆ ಏಕಾಏಕಿ ಅಲುಗಾಡಿದಾಗ ಪ್ರಮಾಣ ಏರುತ್ತದೆ ಎಂದರು. ಮೊದಲನೆಯದನ್ನು ಇಂಗ್ಲಿಷಿನಲ್ಲಿ ‘ಇಗೋಯಿಸ್ಟಿಕ್’ ಎನ್ನುತ್ತಾರೆ. ಅದನ್ನು ‘ಸ್ವಾರ್ಥದ ಆತ್ಮಹತ್ಯೆ’ ಎಂದು ಕನ್ನಡಕ್ಕೆ ತಂದರೆ ಸತ್ತವರ ಮೇಲೇ ತಪ್ಪು ಹೊರಿಸಿದಂತಾಗುತ್ತದೆ. ಹೇಳಿದ್ದು ಒಂಟಿತನದ ಬಗ್ಗೆ.

ಡರ್ಖೈಮ್ ಹೇಳಿದ್ದೆಲ್ಲ ವೇದವಾಕ್ಯವೇನಲ್ಲ. ಅವರ ಯುರೋಪಿನಲ್ಲಿ ಹಳ್ಳಿಗಿಂತ ಪೇಟೆಯಲ್ಲೇ ಆತ್ಮಹತ್ಯೆ ಹೆಚ್ಚಿತ್ತು. ಸಾವಿನ ಲೆಕ್ಕವನ್ನೂ ಅದೇ ಅಧಿಕಾರಿಗಳಿಂದ ತೆಗೆದುಕೊಂಡರು, ಮನೆಯವರು ಮುಚ್ಚಿಟ್ಟ ಸಾವು ಅದರಲ್ಲಿ ಇರುವುದಿಲ್ಲ. ಉತ್ತರ ಎರವಲು ತರಬೇಕಿಲ್ಲ, ಪ್ರಶ್ನೆ ತಂದರೆ ಸಾಕು.

ಆ ಪ್ರಶ್ನೆ ಕರ್ನಾಟಕಕ್ಕೆ ಬಂದೂ ಇದೆ. 1998ರ ಸುಮಾರಿಗೆ ಬೀದರ್ ಜಿಲ್ಲೆಯಲ್ಲಿ ರೈತರ ಸಾವುಗಳು ಸಾಲುಸಾಲಾಗಿ ವರದಿಯಾದವು. ಸಮಾಜಶಾಸ್ತ್ರಜ್ಞೆ ಎ.ಆರ್. ವಾಸವಿ ಅದರ ಅಧ್ಯಯನ ಮಾಡಿ ಬರೆದರು. ಬೀಜ, ಗೊಬ್ಬರ, ಔಷಧ, ಸಾಲ, ಮಾರುಕಟ್ಟೆ ಎಲ್ಲವನ್ನೂ ರೈತ ಒಬ್ಬನೇ ಎದುರಿಸುವಂತಾಗಿದ್ದನ್ನು, ಹಂಚಿಕೊಂಡು ಮಾಡುತ್ತಿದ್ದ ಬೇಸಾಯ ಒಂಟಿಯಾಗಿದ್ದನ್ನು ತೋರಿಸಿದರು. ಆದರೆ 2002ರಲ್ಲಿ ವರದಿ ಕೊಟ್ಟ ಡಾ. ಜಿ.ಕೆ. ವೀರೇಶ್ ಸಮಿತಿಯ ಕಾರಣಗಳ ಪಟ್ಟಿಯಲ್ಲಿ ಕುಡಿತ, ಸಂಸಾರದ ತಾಪತ್ರಯ ಎದ್ದು ಕಂಡವು, ಆಗಲೇ ಟೀಕೆಯೂ ಬಂತು. ಎರಡು ನೋಟದಲ್ಲಿ ಒಂದನ್ನು ಆರಿಸಬೇಕಾದರೆ ನಾವು ವಾಸವಿಯವರ ಕಡೆ. ಕುಡಿತ ಸುಳ್ಳಲ್ಲ. ಅಷ್ಟಕ್ಕೇ ನಿಂತರೆ ಒಂದು ತಾಲ್ಲೂಕಿನಲ್ಲಿ ಒಂದೇ ಹಂಗಾಮಿನಲ್ಲಿ ಯಾಕೆ ಇಷ್ಟು ಸಾವು ಎಂಬುದಕ್ಕೆ ಉತ್ತರ ಸಿಗುವುದಿಲ್ಲ.

ಇದು ಬರೀ ಪಂಡಿತರ ಜಗಳವಲ್ಲ. ರಾಜ್ಯದಲ್ಲಿ ರೈತ ಆತ್ಮಹತ್ಯೆಗೆ 5 ಲಕ್ಷ ರೂಪಾಯಿ ಪರಿಹಾರ ಇದೆ, ಅರ್ಹತೆ ತೀರ್ಮಾನಿಸಲು ಸಮಿತಿ ಇದೆ. ಮೊದಲ ದಿನ ಕಾಗದದಲ್ಲಿ ‘ಹೊಟ್ಟೆನೋವು’ ಎಂದು ಬಿದ್ದರೆ ಮನೆಯವರು ಆಮೇಲೆ ಸಾಲದ ಚೀಟಿ ಹಿಡಿದು ಅಲೆಯಬೇಕು. ಹೊಲದಲ್ಲಿ ಗಂಡನಷ್ಟೇ ದುಡಿದ ಹೆಂಗಸಿನ ಹೆಸರು ಪಹಣಿಯಲ್ಲಿ ಇರದಿದ್ದರೆ ಸುದ್ದಿಯಲ್ಲೂ ಆಕೆ ‘ಗೃಹಿಣಿ’. ಮಾರ್ಕ್ಸ್ ಇದ್ದಿದ್ದರೆ ಮೊದಲು ಪಹಣಿಯನ್ನೇ ಕೇಳುತ್ತಿದ್ದರು.

ಸಂಜೆಯ ಡೆಡ್‌ಲೈನ್‌ನಲ್ಲಿ ಇದೆಲ್ಲ ಆಗುತ್ತದೆಯೇ ಎಂದು ಗೆಳೆಯರು ಕೇಳುತ್ತಾರೆ. ಒಂದು ದಿನದಲ್ಲಿ ಆಗುವುದಿಲ್ಲ. ಆದರೆ ‘ಜಿಗುಪ್ಸೆಗೊಂಡು’ ತೆಗೆದು ‘ಕಾರಣ ತಿಳಿದುಬಂದಿಲ್ಲ’ ಎಂದು ಬರೆಯಲು ಎರಡು ನಿಮಿಷ ಸಾಕು. ಸಾವಿನ ವಿಧಾನ ವಿವರಿಸುವುದನ್ನೂ ಬಿಡಬೇಕು. ಮೂರು ತಿಂಗಳಿಗೊಮ್ಮೆ ತಾಲ್ಲೂಕಿನ ಯುಡಿಆರ್‌ಗಳನ್ನು ಒಟ್ಟಿಗೆ ಹರವಿ ನೋಡಬಹುದು: ಯಾವ ಹೋಬಳಿ, ಯಾವ ಬೆಳೆ, ಸಾಲ ಬ್ಯಾಂಕಿನದೋ ಸಂಘದ್ದೋ ಕೈಸಾಲವೋ, ಜಮೀನು ಸ್ವಂತದ್ದೋ ಗುತ್ತಿಗೆಯದ್ದೋ, ಆಗ ಮನೆಯಲ್ಲಿ ಜೊತೆಗೆ ಯಾರಿದ್ದರು. ಊರಿನವರಿಗೆ ಇದರಲ್ಲಿ ಅರ್ಧಕ್ಕಿಂತ ಹೆಚ್ಚು ಗೊತ್ತಿರುತ್ತದೆ, ನಿಮ್ಮ ಕಡೆಯ ವರದಿಗಾರರಿಗೆ ತಿಳಿಸಿ. ಮತ್ತು ಅಂಥ ಪ್ರತಿ ಸುದ್ದಿಯ ಕೆಳಗೆ ಟೆಲಿ ಮಾನಸ್ ಸಹಾಯವಾಣಿಯ ನಂಬರ್ 14416 ಇದೆಯೇ ನೋಡಿ. ಅದು ಉಚಿತ, ಕನ್ನಡದಲ್ಲೂ ಮಾತಾಡಬಹುದು.