ಎಲ್‌ಕೆಜಿಯಲ್ಲೇ ತೀರ್ಮಾನವಾಗುವ ಸಿಇಟಿ ಸೀಟು

ಯುಗಾದಿ ಕಳೆದು ಚೆನ್ನಕೇಶವನ ರಥೋತ್ಸವ ಹತ್ತಿರ ಬರುವ ಹೊತ್ತಿಗೆ ಬೇಲೂರಿನ ಬಸ್ ನಿಲ್ದಾಣದ ಸುತ್ತ ಎರಡು ಬಗೆಯ ಫ್ಲೆಕ್ಸ್‌ಗಳು ಕಟ್ಟಿರುತ್ತವೆ. ಒಂದು ಜಾತ್ರೆಯದು, ಇನ್ನೊಂದು ಖಾಸಗಿ ಶಾಲೆಗಳ 'ಪ್ರವೇಶಾತಿ ಆರಂಭವಾಗಿದೆ' ಎಂಬುದು. ಟೈ ಕಟ್ಟಿಕೊಂಡು ನಗುವ ಮಗು, ಕೆಳಗೆ ಸ್ಮಾರ್ಟ್ ಕ್ಲಾಸ್, ವ್ಯಾನ್ ಸೌಲಭ್ಯ, ನುರಿತ ಶಿಕ್ಷಕರು ಎಂಬ ಪಟ್ಟಿ. ಆ ಪಟ್ಟಿಯಲ್ಲಿ ಒಂದು ಸಂಗತಿ ಮಾತ್ರ ಎಂದೂ ಇರುವುದಿಲ್ಲ. ಇಂದು ಎಲ್‌ಕೆಜಿಗೆ ಸೇರುವ ಮಗು 14 ವರ್ಷದ ನಂತರ ಕಾಲೇಜು ಸೀಟಿಗಾಗಿ ಸಾಲಿನಲ್ಲಿ ನಿಂತಾಗ ಈ ಶಾಲೆಯಿಂದ ಅದಕ್ಕೆ ಏನು ಸಿಗುತ್ತದೆ, ಏನು ಕೈತಪ್ಪುತ್ತದೆ ಎಂಬ ಸಂಗತಿ.

ನಾನು ಹಾಸನದಲ್ಲಿ ಬಿಇ ಐದನೇ ಸೆಮಿಸ್ಟರ್ ಓದುತ್ತಿದ್ದೇನೆ. ನಮ್ಮದು ಬೇಲೂರಿನಿಂದ ಒಂಬತ್ತು ಕಿ.ಮೀ. ದೂರದ ಹಳ್ಳಿ. ಪ್ರತಿ ವರ್ಷ ಏಪ್ರಿಲ್ ಬಂತೆಂದರೆ ನೆಂಟರಿಷ್ಟರಿಂದ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. ಈ ಸಲ ಚಿಕ್ಕಪ್ಪನ ಸರದಿ. 'ನೀನು ಇಂಜಿನಿಯರಿಂಗ್ ಓದ್ತಿದ್ದೀಯಲ್ಲಪ್ಪ, ನೀನೇ ಹೇಳು, ಪಾಪೂನ ಯಾವ ಸ್ಕೂಲಿಗೆ ಹಾಕೋಣ?' ಕೇಳುವವರೆಲ್ಲರ ಚಿಂತೆ ಎರಡೇ: ಫೀಸು ಎಷ್ಟು, ಇಂಗ್ಲಿಷ್ ಬರುತ್ತದೋ ಇಲ್ಲವೋ. ಮೂರನೆಯ ಪ್ರಶ್ನೆಯೊಂದಿದೆ, ಅದನ್ನು ಯಾರೂ ಕೇಳುವುದಿಲ್ಲ. ಈ ಲೇಖನ ಅದರ ಬಗ್ಗೆ.

ವ್ಯಾನ್ ಹತ್ತಿದರೆ 'ನಗರ'

ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಇಂಜಿನಿಯರಿಂಗ್ ರ‍್ಯಾಂಕ್ ಕೊಡುವುದು ಸಿಇಟಿ ಅಂಕ ಅರ್ಧ, ದ್ವಿತೀಯ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕ ಅರ್ಧ ಸೇರಿಸಿ. ಇಷ್ಟು ಎಲ್ಲರಿಗೂ ಗೊತ್ತು. ಸೀಟು ಹಂಚುವಾಗ ಜಾತಿವಾರು ಪ್ರವರ್ಗಗಳ ಜೊತೆಗೆ ಇನ್ನೆರಡು ಮೀಸಲಾತಿಗಳಿವೆ ಎಂಬುದು ಹಲವು ಪೋಷಕರಿಗೆ ತಿಳಿಯುವುದು ಪಿಯುಸಿ ಮುಗಿದ ಮೇಲೆ, ಅರ್ಜಿ ತುಂಬುವಾಗ. ಗ್ರಾಮೀಣ ಮೀಸಲಾತಿ ಶೇ 15, ಕನ್ನಡ ಮಾಧ್ಯಮದ ಮೀಸಲಾತಿ ಶೇ 5. ವೈದ್ಯಕೀಯ ಸೀಟಿಗೆ ನೀಟ್ ಅಂಕವೇ ಆಧಾರವಾದರೂ ರಾಜ್ಯದ ಪಾಲಿನ ಸೀಟುಗಳಿಗೆ ಈ ಎರಡೂ ಅನ್ವಯಿಸುತ್ತವೆ.

ಇವಕ್ಕೆ ಅರ್ಹತೆ ಏನು? ಒಂದರಿಂದ ಹತ್ತನೇ ತರಗತಿಯವರೆಗೆ ಪೂರ್ತಿ ಹತ್ತು ವರ್ಷ ಗ್ರಾಮೀಣ ಪ್ರದೇಶದಲ್ಲಿರುವ ಶಾಲೆಯಲ್ಲಿ ಓದಿರಬೇಕು. ಎರಡನೆಯದಕ್ಕೆ ಅದೇ ಹತ್ತು ವರ್ಷ ಕನ್ನಡ ಮಾಧ್ಯಮದಲ್ಲಿ ಓದಿರಬೇಕು. ಮುಖ್ಯೋಪಾಧ್ಯಾಯರು ಕೊಟ್ಟ ವ್ಯಾಸಂಗ ಪ್ರಮಾಣಪತ್ರಕ್ಕೆ ಬಿಇಒ ಸಹಿ ಬೇಕು. ನಗರಪಾಲಿಕೆ, ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿ ವ್ಯಾಪ್ತಿಯ ಶಾಲೆ ಗ್ರಾಮೀಣವಲ್ಲ. ಮಗುವಿನ ಮನೆ ಎಲ್ಲಿದೆ, ಅಪ್ಪನ ಜಮೀನು ಎಲ್ಲಿದೆ ಎಂದು ಯಾರೂ ಕೇಳುವುದಿಲ್ಲ. ನೋಡುವುದು ಶಾಲೆ ಎಲ್ಲಿದೆ ಎಂಬುದನ್ನು ಮಾತ್ರ.

ಈಗ ನಮ್ಮ ಕಡೆಯ ಒಂದು ಮನೆಯನ್ನು ಊಹಿಸಿಕೊಳ್ಳಿ. ಎರಡು ಎಕರೆ ಜೋಳ, ಒಂದಿಷ್ಟು ಶುಂಠಿ, ಎರಡು ಹಸು. ಬೆಳಿಗ್ಗೆ ಏಳೂವರೆಗೆ ಹಳದಿ ವ್ಯಾನ್ ಬಂದು ಮಗುವನ್ನು ಬೇಲೂರಿನ ಇಂಗ್ಲಿಷ್ ಮಾಧ್ಯಮ ಶಾಲೆಗೆ ಕರೆದೊಯ್ಯುತ್ತದೆ. ಸಂಜೆ ಐದಕ್ಕೆ ಮಗು ಮತ್ತೆ ಅದೇ ಹಳ್ಳಿಯ ಅದೇ ಜಗಲಿಯ ಮೇಲೆ ಕೂತು ಹೋಂವರ್ಕ್ ಮಾಡುತ್ತದೆ. ಪಡಿತರ ಚೀಟಿಯಲ್ಲಿ ಹಳ್ಳಿ, ಮತದಾರರ ಪಟ್ಟಿಯಲ್ಲಿ ಹಳ್ಳಿ. ಆದರೆ ಸಿಇಟಿಯ ಲೆಕ್ಕದಲ್ಲಿ ಅದು ನಗರದ ಮಗು. ಮಾಧ್ಯಮ ಇಂಗ್ಲಿಷ್ ಆದ್ದರಿಂದ ಶೇ 5 ಕೂಡ ಇಲ್ಲ. ವ್ಯಾನಿಗೆ, ಫೀಸಿಗೆ, ಶೂ ಟೈಗೆ ಸಂಘದ ಸಾಲ ತೆಗೆದ ಅಪ್ಪ, ದುಡ್ಡು ಕೊಟ್ಟು ಎರಡು ಬಾಗಿಲು ಮುಚ್ಚಿಸಿಕೊಂಡಿರುತ್ತಾನೆ. ಹಾಗೆಂದು ಅವನಿಗೆ ಯಾರೂ ಹೇಳಿರುವುದಿಲ್ಲ.

ನಾನು ಅಂಥದ್ದೇ ವ್ಯಾನಿನಲ್ಲಿ ಹತ್ತು ವರ್ಷ ಓಡಾಡಿದವನು. ಪಕ್ಕದ ಮನೆಯ ಗೆಳೆಯ ಊರಿನ ಸರ್ಕಾರಿ ಶಾಲೆಯಲ್ಲಿ ಏಳನೆಯವರೆಗೆ, ಆಮೇಲೆ ಪಕ್ಕದ ಹಳ್ಳಿಯ ಪ್ರೌಢಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ. ಸಿಇಟಿಯಲ್ಲಿ ಅವನ ರ‍್ಯಾಂಕ್ ನನ್ನದಕ್ಕಿಂತ ಕೆಲವು ಸಾವಿರ ಹಿಂದೆ. ಇಂದು ಇಬ್ಬರೂ ಒಂದೇ ಕಾಲೇಜಿನ ಒಂದೇ ಬ್ರಾಂಚಿನಲ್ಲಿದ್ದೇವೆ. ಇದರಲ್ಲಿ ನನಗೆ ಕಿಂಚಿತ್ತೂ ದೂರಿಲ್ಲ. ಏಳು ತರಗತಿಗೆ ಇಬ್ಬರೇ ಮೇಷ್ಟ್ರಿದ್ದ ಶಾಲೆಯಿಂದ ಹೊರಟು ಅಲ್ಲಿಗೆ ತಲುಪಿದವನು ನನಗಿಂತ ಹೆಚ್ಚು ದೂರ ನಡೆದಿದ್ದಾನೆ. ಮೊದಲ ಸೆಮಿಸ್ಟರ್‌ನಲ್ಲಿ ಅವನು ಇಂಗ್ಲಿಷ್ ಪಾರಿಭಾಷಿಕ ಪದಗಳನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡು ಓದುತ್ತಿದ್ದ. ಮೂರನೇ ಸೆಮಿಸ್ಟರ್ ಹೊತ್ತಿಗೆ ಸರ್ಕ್ಯೂಟ್ ಲೆಕ್ಕಗಳನ್ನು ನನಗೇ ಹೇಳಿಕೊಡುತ್ತಿದ್ದ. ನಾನು ಕಂಡಂತೆ, ಹತ್ತು ವರ್ಷದ ಇಂಗ್ಲಿಷ್ ಮಾಧ್ಯಮ ನನಗೆ ಕಾಲೇಜಿನಲ್ಲಿ ಕೊಟ್ಟ ಮುನ್ನಡೆ ಒಂದು ವರ್ಷದ್ದು.

ಹಾಗೆಂದು ಖಾಸಗಿ ಶಾಲೆಗೆ ಸೇರಿಸಲೇಬೇಡಿ ಎಂದು ನಾನು ಹೇಳುತ್ತಿಲ್ಲ. ನನಗೆ ಒಳ್ಳೆಯ ಮೇಡಂಗಳು ಸಿಕ್ಕರು, ಲ್ಯಾಬ್ ಇತ್ತು, ಭಯವಿಲ್ಲದೆ ಮಾತಾಡುವುದನ್ನು ಕಲಿತೆ. ಮಾಧ್ಯಮವನ್ನು ಆರಿಸುವ ಹಕ್ಕು ಪೋಷಕರದ್ದೇ ಎಂದು 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಕರ್ನಾಟಕದ ಪ್ರಕರಣದಲ್ಲೇ ಹೇಳಿದೆ. ಹಕ್ಕೇನೋ ಇದೆ, ಆರಿಸಲು ಬೇಕಾದ ಮಾಹಿತಿ ಇಲ್ಲ. ನನ್ನ ತಕರಾರು ಇರುವುದು ಅಲ್ಲಿ.

ಗಡಿಯ ಈಚೆ, ಗಡಿಯ ಆಚೆ

ನಿಯಮದಲ್ಲೂ ಒಂದು ಸೊಟ್ಟವಿದೆ. ಪುರಸಭೆಯ ಗಡಿ ದಾಟಿ ಗ್ರಾಮ ಪಂಚಾಯಿತಿಯ ಜಾಗದಲ್ಲಿ ಕಟ್ಟಿದ ಖಾಸಗಿ ಶಾಲೆಯನ್ನು ನೋಡಿ. ಅದೇ ಫೀಸು, ಅದೇ ವ್ಯಾನು, ಪೇಟೆಯ ವ್ಯಾಪಾರಿಗಳ, ನೌಕರರ ಮಕ್ಕಳೂ ಅಲ್ಲಿಗೇ ಹೋಗುತ್ತಾರೆ. ಆ ಮಕ್ಕಳೆಲ್ಲ 'ಗ್ರಾಮೀಣ'. ಇತ್ತ ಪಟ್ಟಣದೊಳಗಿನ ಸರ್ಕಾರಿ ಶಾಲೆಯಲ್ಲಿ ಓದುವ ಕೂಲಿ ಕಾರ್ಮಿಕರ ಮಗು 'ನಗರ'. ಅರಸೀಕೆರೆಯಲ್ಲಿ ತೆಂಗಿನಕಾಯಿ ಸುಲಿಯುವವರ ಮಕ್ಕಳ ಕಥೆಯೂ ಇದೇ, ಅದು ನಗರಸಭೆ. ಹಳ್ಳಿ ಶಾಲೆಯೆಂದರೆ ಸೌಲಭ್ಯ ಕಡಿಮೆ, ಅಲ್ಲಿಂದ ಬಂದವರಿಗೆ ಕೈಹಿಡಿಯಬೇಕು ಎಂಬುದು ಈ ಮೀಸಲಾತಿಯ ಹಿಂದಿನ ಒಳ್ಳೆಯ ಯೋಚನೆ. ಆದರೆ ವ್ಯಾನುಗಳು ಬಂದ ಮೇಲೆ ಶಾಲೆ ಇರುವ ಜಾಗಕ್ಕೂ ಮಗುವಿನ ಬಡತನಕ್ಕೂ ಇದ್ದ ನಂಟು ಸಡಿಲವಾಗಿದೆ.

ಪಕ್ಕದ ತಮಿಳುನಾಡು ಬೇರೆ ದಾರಿ ಹಿಡಿಯಿತು. ಸರ್ಕಾರಿ ಶಾಲೆಯಲ್ಲಿ ಆರರಿಂದ ಹನ್ನೆರಡನೇ ತರಗತಿವರೆಗೆ ಓದಿದವರಿಗೆ 2020ರಲ್ಲಿ ವೈದ್ಯಕೀಯದಲ್ಲಿ, 2021ರಲ್ಲಿ ಇಂಜಿನಿಯರಿಂಗ್ ಸೇರಿ ಇತರ ವೃತ್ತಿಪರ ಕೋರ್ಸುಗಳಲ್ಲಿ ಶೇ 7.5 ಒಳಮೀಸಲಾತಿ ಕೊಟ್ಟಿತು. ಶಾಲೆ ಹಳ್ಳಿಯಲ್ಲಿದೆಯೋ ಪಟ್ಟಣದಲ್ಲಿದೆಯೋ ಎಂಬುದು ಅಲ್ಲಿ ಮುಖ್ಯವಲ್ಲ, ಸರ್ಕಾರಿ ಶಾಲೆಯೇ ಎಂಬುದು ಮುಖ್ಯ. ನಮ್ಮ ಗ್ರಾಮೀಣ ಮೀಸಲಾತಿಯನ್ನು ಕಿತ್ತುಹಾಕಬೇಕಿಲ್ಲ. ಅದರ ಪಕ್ಕದಲ್ಲೇ ಪಟ್ಟಣದ ಸರ್ಕಾರಿ ಶಾಲೆಯ ಮಗುವಿಗೂ ಒಂದು ಜಾಗ ಮಾಡಿಕೊಡಬೇಕು.

ಮುಚ್ಚಿದ ಉಚಿತ ಬಾಗಿಲು

ಬಡ ಮಕ್ಕಳಿಗೆ ಖಾಸಗಿ ಶಾಲೆಯ ಬಾಗಿಲು ತೆರೆದದ್ದು 2009ರ ಶಿಕ್ಷಣ ಹಕ್ಕು ಕಾಯ್ದೆ. ಶೇ 25 ಸೀಟುಗಳನ್ನು ನೆರೆಹೊರೆಯ ದುರ್ಬಲ ವರ್ಗದ ಮಕ್ಕಳಿಗೆ ಉಚಿತವಾಗಿ ಕೊಡಬೇಕೆಂಬ ನಿಯಮ ಕರ್ನಾಟಕದಲ್ಲಿ 2012–13ರಿಂದ ಜಾರಿಯಾಯಿತು. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಈ ಸೀಟು ಇಲ್ಲ ಎಂದು 2019–20ರ ಸಾಲಿನಿಂದ ನಿಯಮ ಬದಲಾಯಿತು. ಹೈಕೋರ್ಟ್ 2019ರ ಮೇ 31ರಂದು ಅದನ್ನು ಎತ್ತಿಹಿಡಿಯಿತು. ಬೇಲೂರಿನಂಥ ಊರಿನಲ್ಲಿ ಹತ್ತಿರದಲ್ಲಿ ಸರ್ಕಾರಿ ಶಾಲೆ ಇಲ್ಲದ ಬೀದಿ ಎಲ್ಲಿದೆ? ಹಾಗಾಗಿ ಆ ಬಾಗಿಲು ಹೆಚ್ಚುಕಡಿಮೆ ಮುಚ್ಚಿದೆ. ಖಾಸಗಿ ಶಾಲೆ ಈಗ ದುಡ್ಡು ಇದ್ದವರಿಗೆ, ಇಲ್ಲವೇ ಸಾಲ ಮಾಡುವ ಧೈರ್ಯ ಇದ್ದವರಿಗೆ.

'ನಮ್ಮ ಶಾಲೆಗೇ ಬನ್ನಿ, ಖಾಸಗಿಯವರಿಗೆ ಯಾಕೆ ದುಡ್ಡು ಕೊಡಬೇಕು' ಎಂಬ ಸರ್ಕಾರದ ವಾದದಲ್ಲಿ ನ್ಯಾಯವಿದೆ. ಆದರೆ ಹಾಗೆ ಕರೆದ ಮೇಲೆ ತರಗತಿಗೊಬ್ಬ ಮೇಷ್ಟ್ರು ಇರಬೇಕು. ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಆವರಣದಲ್ಲಿ ಕಲಿಸುವ ಕರ್ನಾಟಕ ಪಬ್ಲಿಕ್ ಶಾಲೆಗಳಿಗೆ ಸೀಟಿಗಾಗಿ ಜನ ಮುಗಿಬೀಳುವುದನ್ನು ನೋಡಿದರೆ ಪೋಷಕರಿಗೆ ಸರ್ಕಾರಿ ಎಂಬ ಬೋರ್ಡಿನ ಮೇಲೆ ಸಿಟ್ಟಿಲ್ಲ, ಖಾಲಿ ತರಗತಿಯ ಮೇಲೆ ಸಿಟ್ಟು ಎಂಬುದು ಗೊತ್ತಾಗುತ್ತದೆ. 2019–20ರಲ್ಲಿ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ವಿಭಾಗ ಆರಂಭವಾದಾಗಲೂ ಇದು ಕಂಡಿತು. ಹಳ್ಳಿಯ ಅಂಥ ಶಾಲೆಯಲ್ಲಿ ಇಂಗ್ಲಿಷ್ ಮಾಧ್ಯಮ ಓದಿದರೆ ಶೇ 5 ಹೋದರೂ ಶೇ 15 ಉಳಿಯುತ್ತದೆ. ಇದನ್ನೂ ಯಾರೂ ಬಿಡಿಸಿ ಹೇಳುವುದಿಲ್ಲ.

2019ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಹಾಸನ ಜಿಲ್ಲೆ ರಾಜ್ಯಕ್ಕೇ ಮೊದಲು ಬಂದಿತ್ತು. ಜಿಲ್ಲೆಯ ಸರ್ಕಾರಿ, ಅನುದಾನಿತ, ಖಾಸಗಿ ಶಾಲೆಗಳೆಲ್ಲ ಸೇರಿ ತಂದ ಹೆಮ್ಮೆ ಅದು. ಹತ್ತನೆಯವರೆಗೆ ಚೆನ್ನಾಗಿ ಓದಿಸುವುದು ನಮ್ಮ ಜಿಲ್ಲೆಗೆ ಗೊತ್ತು. ಹತ್ತರ ಆಚೆಗಿನ ದಾರಿ ತೋರಿಸುವುದರಲ್ಲಿ ಹಿಂದೆ ಬಿದ್ದಿದ್ದೇವೆ.

ದಾರಿ ಒಂದೇ ಅಲ್ಲ

ಖಾಸಗಿ ಶಾಲೆಯವರು ತೋರಿಸುವ ದಾರಿ ಸಾಮಾನ್ಯವಾಗಿ ಒಂದೇ. ಎಂಟನೇ ತರಗತಿಗೇ 'ಫೌಂಡೇಶನ್', ಆಮೇಲೆ ಹಾಸನ, ಮೂಡುಬಿದಿರೆ, ಮಂಗಳೂರು ಅಥವಾ ಬೆಂಗಳೂರಿನಲ್ಲಿ ಹಾಸ್ಟೆಲ್ ಸಹಿತ ಪಿಯುಸಿ, ಜೊತೆಗೆ ಕೋಚಿಂಗ್. ನಡೆಯಬಲ್ಲವರಿಗೆ ಅದು ಒಳ್ಳೆಯ ದಾರಿಯೇ. ಆದರೆ ಬೇರೆ ದಾರಿಗಳೂ ಇವೆ.

ಐದನೇ ತರಗತಿಯಲ್ಲೇ ಎರಡು ತಿರುವುಗಳಿವೆ. ನವೋದಯ ಪರೀಕ್ಷೆಯಲ್ಲಿ ಶೇ 75 ಸೀಟು ಗ್ರಾಮೀಣ ಮಕ್ಕಳಿಗೆ. ಅದಕ್ಕೂ ಮೂರು, ನಾಲ್ಕು, ಐದನೇ ತರಗತಿಯನ್ನು ಹಳ್ಳಿಯ ಶಾಲೆಯಲ್ಲೇ ಓದಿರಬೇಕು. ಮೊರಾರ್ಜಿ ದೇಸಾಯಿ ವಸತಿ ಶಾಲೆಗಳಿಗೂ ಐದನೇ ತರಗತಿ ಮಕ್ಕಳಿಗೆ ಪ್ರವೇಶ ಪರೀಕ್ಷೆ ನಡೆಯುತ್ತದೆ. ಹತ್ತನೇ ತರಗತಿ ಮುಗಿಸಿ ಪಾಲಿಟೆಕ್ನಿಕ್ ಸೇರಿದವರು ಮೂರು ವರ್ಷದ ಡಿಪ್ಲೊಮಾ ನಂತರ ಡಿಸಿಇಟಿ ಬರೆದು ನೇರ ಬಿಇ ಎರಡನೇ ವರ್ಷಕ್ಕೆ ಬರುತ್ತಾರೆ. ನಮ್ಮ ತರಗತಿಗೆ ಹಾಗೆ ಬಂದವರು ಲ್ಯಾಬಿನಲ್ಲಿ ನಮಗಿಂತ ಒಂದು ಕೈ ಮೇಲು.

ಪಿಯುಸಿ ನಂತರ ದುಡ್ಡಿನ ಲೆಕ್ಕ. ಅಲ್ಪಸಂಖ್ಯಾತ ಸಂಸ್ಥೆಗಳನ್ನು ಬಿಟ್ಟರೆ ಖಾಸಗಿ ಅನುದಾನರಹಿತ ಇಂಜಿನಿಯರಿಂಗ್ ಕಾಲೇಜುಗಳ ಪ್ರತಿ 100 ಸೀಟಿನಲ್ಲಿ ಸಾಮಾನ್ಯವಾಗಿ 45 ಸಿಇಟಿ ಮೂಲಕ, 30 ಕಾಮೆಡ್–ಕೆ ಮೂಲಕ, 25 ಆಡಳಿತ ಮಂಡಳಿಯ ಕೈಯಲ್ಲಿ. ಸಿಇಟಿ ಸೀಟಿಗೂ ಉಳಿದವಕ್ಕೂ ಶುಲ್ಕದ ಅಂತರ ದೊಡ್ಡದು. ಗ್ರಾಮೀಣ, ಕನ್ನಡ ಮಾಧ್ಯಮದ ಮೀಸಲಾತಿ ಕೆಲಸಕ್ಕೆ ಬರುವುದು ಈ ಸಿಇಟಿ ಸೀಟಿನಲ್ಲಿ ಮಾತ್ರ. ಹಳ್ಳಿಯ ಕುಟುಂಬಕ್ಕೆ ಜಮೀನು ಉಳಿಯುವುದೋ ಅಡವಾಗುವುದೋ ಎಂಬುದು ಕೆಲವೊಮ್ಮೆ ಇಲ್ಲೇ ತೀರ್ಮಾನವಾಗುತ್ತದೆ. ಇದರ ಮೇಲೆ ಎಸ್‌ಎನ್‌ಕ್ಯೂ ಎಂಬ ಸೂಪರ್ ನ್ಯೂಮರರಿ ಕೋಟಾ ಇದೆ. ಮಂಜೂರಾದ ಸೀಟುಗಳಿಗಿಂತ ಹೆಚ್ಚುವರಿಯಾಗಿ ಶೇ 5, ಬೋಧನಾ ಶುಲ್ಕ ಮಾಫಿ, ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗಿರಬೇಕು. ಇದಕ್ಕೆ ಯಾವ ಶಾಲೆಯಲ್ಲಿ ಓದಿದ್ದೀರಿ ಎಂಬ ಪ್ರಶ್ನೆಯೇ ಇಲ್ಲ. ವ್ಯಾನಿನಲ್ಲಿ ಹೋದ ನನ್ನಂಥ ಹಳ್ಳಿ ಮಕ್ಕಳು ಮೊದಲು ಹುಡುಕಬೇಕಾದ ಬಾಗಿಲು ಇದು. ಆದಾಯ ಪ್ರಮಾಣಪತ್ರ ಮೊದಲೇ ಮಾಡಿಸಿಟ್ಟುಕೊಳ್ಳಿ.

ಸಹಿ ಹಾಕುವ ಮುಂಚೆ

ಆಗಬೇಕಾದ ಕೆಲಸ ದೊಡ್ಡದಲ್ಲ. ಪ್ರತಿ ಶಾಲೆಯ ಪ್ರವೇಶ ಅರ್ಜಿಯ ಮೇಲೆ ಎರಡು ಸಾಲು ಅಚ್ಚಾಗಲಿ: ಈ ಶಾಲೆ ಗ್ರಾಮೀಣ ವ್ಯಾಪ್ತಿಯಲ್ಲಿದೆಯೇ, ಬೋಧನಾ ಮಾಧ್ಯಮ ಯಾವುದು, ಇದರಿಂದ ಮುಂದೆ ಯಾವ ಮೀಸಲಾತಿ ಸಿಗುತ್ತದೆ ಅಥವಾ ಸಿಗುವುದಿಲ್ಲ. ಶಿಕ್ಷಣ ಇಲಾಖೆ ಒಂದು ಸುತ್ತೋಲೆ ಹೊರಡಿಸಿದರೆ ಮುಗಿಯಿತು. ಏಪ್ರಿಲ್‌ನಲ್ಲಿ ಗ್ರಾಮ ಪಂಚಾಯಿತಿಗೊಂದು ಸಭೆ ಮಾಡಿ ಇದನ್ನು ಹೇಳುವ ಕೆಲಸಕ್ಕೆ ನಮ್ಮಂಥ ಕಾಲೇಜು ಹುಡುಗ ಹುಡುಗಿಯರೇ ಸಾಕು.

ಪೋಷಕರೂ ಕೆಲವು ಕಾನೂನು ತಿಳಿದಿರಲಿ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲೆಗೆ ಸೇರಿಸಿಕೊಳ್ಳಲು ಮಗುವಿಗಾಗಲಿ ತಂದೆತಾಯಿಗಾಗಲಿ ಪರೀಕ್ಷೆ, ಸಂದರ್ಶನ ಮಾಡುವಂತಿಲ್ಲ. ಮಾಡಿದರೆ ಮೊದಲ ಸಲಕ್ಕೆ 25,000 ರೂಪಾಯಿವರೆಗೆ ದಂಡ. ಡೊನೇಷನ್ ಕೇಳಿದರೆ ಅದರ ಹತ್ತು ಪಟ್ಟುವರೆಗೆ. ಎಂಟನೇ ತರಗತಿ ಮುಗಿಯುವ ಮುಂಚೆ ಬೇರೆ ಶಾಲೆಗೆ ಹೋಗುವ ಮಗುವಿಗೆ ಟಿ.ಸಿ.ಯನ್ನು ಕೂಡಲೇ ಕೊಡಬೇಕು.

ಚಿಕ್ಕಪ್ಪನಿಗೆ ನಾನು ಶಾಲೆಯ ಹೆಸರು ಹೇಳಲಿಲ್ಲ. ಒಂದು ಹಾಳೆಯಲ್ಲಿ ಎರಡು ಪಟ್ಟಿ ಬರೆದುಕೊಟ್ಟೆ, ಊರಿನ ಶಾಲೆಯಲ್ಲಿ ಸಿಗುವುದು, ಪೇಟೆಯ ಶಾಲೆಯಲ್ಲಿ ಸಿಗುವುದು. ಚಿಕ್ಕಮ್ಮ ಅದನ್ನು ಎರಡು ಸಲ ಓದಿ ಕೇಳಿದ ಪ್ರಶ್ನೆಗೆ ಮಾತ್ರ ನನ್ನಲ್ಲಿ ಉತ್ತರವಿರಲಿಲ್ಲ: 'ಊರಿನ ಸ್ಕೂಲಲ್ಲಿ ಮುಂದಿನ ವರ್ಷ ಮೇಷ್ಟ್ರು ಇರ್ತಾರಾ?' ಅದಕ್ಕೆ ಉತ್ತರ ಕೊಡಬೇಕಾದ್ದು ಸರ್ಕಾರ, ಅದೂ ಜೂನ್‌ನಲ್ಲಿ ಶಾಲೆ ಬಾಗಿಲು ತೆರೆಯುವುದರ ಒಳಗೆ.