ಒಂದು ರುಜು, ಎರಡು ಮೊಕದ್ದಮೆ

ಬೇಲೂರು ತಾಲ್ಲೂಕಿನ ಗೆಂಡೆಹಳ್ಳಿಯ ಸುತ್ತಿನಲ್ಲಿ ಕಾಫಿ ಬೆಳೆಯುತ್ತದೆ, ಮೆಣಸು ಬೆಳೆಯುತ್ತದೆ. ಅವುಗಳ ನೆರಳಿನಲ್ಲಿ ಸಾಲವೂ ಬೆಳೆಯುತ್ತದೆ. ಹಿಂದೆ ಬೆಳೆಗಾರನ ಫಸಲು ಕಾಫಿ ಮಂಡಳಿಯ ಸಂಗ್ರಹಕ್ಕೆ ಹೋಗಬೇಕಾಗಿತ್ತು. 1996ರ ವೇಳೆಗೆ ಆ ಕಟ್ಟುಪಾಡು ಕಳಚಿತು. ಮಾರುವ ಸ್ವಾತಂತ್ರ್ಯ ಬೆಳೆಗಾರನ ಕೈಗೆ ಬಂದಿತು. ಸ್ವಾತಂತ್ರ್ಯದೊಡನೆ ಮುಂಗಡ, ಕಡ, ಚೆಕ್ಕುಗಳ ವ್ಯವಹಾರವೂ ಬಂದಿತು. ಮಳೆ ಕೈಕೊಟ್ಟ ವರ್ಷ ಆಳುಗಳ ಕೂಲಿಗೆಂದು ಒಬ್ಬ ಬೆಳೆಗಾರ ಸಾಲ ತಂದು, ಭದ್ರತೆಗೆಂದು ಖಾಲಿ ಚೆಕ್ಕೊಂದಕ್ಕೆ ರುಜು ಹಾಕಿಕೊಟ್ಟನೆಂದು ಇಟ್ಟುಕೊಳ್ಳಿ. ಆ ದಿನ ಅದು ಬರಿಯ ಕಾಗದ. ಆದರೆ ನ್ಯಾಯವಾದಿಯ ವೃತ್ತಿಜೀವನದ ಅರ್ಧಭಾಗ ಇಂತಹ ಕಾಗದಗಳ ಮೇಲೆಯೇ ನಿಂತಿದೆ.

ಮಹಾನಗರಗಳಲ್ಲಿ ವ್ಯಾಪಾರದ ವ್ಯಾಜ್ಯಕ್ಕೆ ಒಬ್ಬ ವಕೀಲ, ಕ್ರಿಮಿನಲ್ ಮೊಕದ್ದಮೆಗೆ ಮತ್ತೊಬ್ಬ. ತಾಲ್ಲೂಕು ಕೇಂದ್ರದ ವಕೀಲನಿಗೆ ಈ ವಿಭಾಗ ಬಹುಮಟ್ಟಿಗೆ ದಕ್ಕದು. ಬೆಳಿಗ್ಗೆ ಲೆಕ್ಕದ ಪುಸ್ತಕ ಬಿಚ್ಚಿ ಬಾಕಿ ವಸೂಲಿಗಾಗಿ ವಾದಿಸಿದವನೇ ಮಧ್ಯಾಹ್ನ ಆಪಾದಿತನ ಪರವಾಗಿ ನಿಲ್ಲಬೇಕು. ಚೆಕ್ಕಿನ ಮೊಕದ್ದಮೆಯಲ್ಲಂತೂ ಈ ಎರಡು ಕೆಲಸಗಳೂ ಒಂದರಲ್ಲೊಂದು ಬೆರೆತಿವೆ. ಹಣಕ್ಕಾಗಿ ಸಿವಿಲ್ ದಾವೆ ಹೂಡಬಹುದು. ಅದೇ ಚೆಕ್ಕಿಗಾಗಿ ಮ್ಯಾಜಿಸ್ಟ್ರೇಟರ ಮುಂದೆ ಫಿರ್ಯಾದನ್ನೂ ಕೊಡಬಹುದು. 1881ರ ವರ್ಗಾವಣೀಯ ಪತ್ರಗಳ ಕಾಯಿದೆಗೆ 1988ರಲ್ಲಿ 138ನೆಯ ಕಲಮು ಸೇರಿ, 1989ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ, ತೀರದ ಸಾಲ ಸೆರೆಮನೆಯ ಬಾಗಿಲಿಗೂ ಒಯ್ಯಬಲ್ಲುದಾಯಿತು. ಶಿಕ್ಷೆ ಎರಡು ವರ್ಷಗಳವರೆಗೆ ಸೆರೆವಾಸ, ಅಥವಾ ಚೆಕ್ಕಿನ ಮೊತ್ತದ ಎರಡರಷ್ಟರವರೆಗೆ ದಂಡ, ಅಥವಾ ಎರಡೂ.

ಈ ಹಾದಿಯಲ್ಲಿ ದಿನಗಳ ಎಣಿಕೆಯೇ ಮೊದಲ ಪಾಠ. ಚೆಕ್ಕು ಹಿಂತಿರುಗಿದ ಸುದ್ದಿ ಬಂದ 30 ದಿನಗಳೊಳಗೆ ಲಿಖಿತ ನೋಟೀಸು ಕೊಡಬೇಕು. ನೋಟೀಸು ತಲಪಿದವನಿಗೆ ಹಣ ಕಟ್ಟಲು 15 ದಿನ. ಕಟ್ಟದಿದ್ದರೆ ಅನಂತರದ ಒಂದು ತಿಂಗಳಲ್ಲಿ ಫಿರ್ಯಾದು. ಆದುದರಿಂದ ಅನುಭವಿಯಾದ ವಕೀಲ ಕಕ್ಷಿಗಾರನ ಗೋಳನ್ನು ಕೇಳುವಾಗಲೇ ಲಕೋಟೆಯ ಮೇಲಿನ ಅಂಚೆಯ ಮುದ್ರೆಯನ್ನೂ ನೋಡುತ್ತಾನೆ.

ಎರಡನೆಯ ಪಾಠ ಇನ್ನೂ ಕಠಿಣ. ಸಾಮಾನ್ಯವಾಗಿ ಅಪರಾಧವನ್ನು ಸಂಶಯಾತೀತವಾಗಿ ಸಾಬೀತುಪಡಿಸುವ ಹೊಣೆ ಆರೋಪ ಹೊರಿಸಿದವನದು. ಚೆಕ್ಕಿನ ವಿಷಯದಲ್ಲಿ, ಸಾಲಕ್ಕಾಗಿಯೇ ಅದನ್ನು ಕೊಟ್ಟದ್ದೆಂದು 139ನೆಯ ಕಲಮು ಮೊದಲೇ ಭಾವಿಸಿಬಿಡುತ್ತದೆ. ಆ ಭಾವನೆಯನ್ನು ಅಲುಗಿಸುವ ಭಾರ ಆಪಾದಿತನದು.

ನಮ್ಮ ನಾಡಿನದೇ ಆದ ಎರಡು ಮೊಕದ್ದಮೆಗಳು ಈ ಭಾರದ ತೂಕವನ್ನು ತೋರಿಸುತ್ತವೆ. ಮೊದಲನೆಯದು ಚಿಕ್ಕಮಗಳೂರು ಜಿಲ್ಲೆಯ ಕುದುರೆಮುಖದ್ದು. 1998ರಲ್ಲಿ ಕೊಟ್ಟನೆಂದ 45,000 ರೂಪಾಯಿ ಕೈಸಾಲ. ಹಿಂತಿರುಗಿದ ಒಂದು ಚೆಕ್ಕು. ರುಜು ಹಾಕಿದ ಚೆಕ್ಕು ಕಳೆದುಹೋಗಿತ್ತು ಎಂಬುದು ಆಪಾದಿತನ ವಾದ. ಕೆಳಗಿನ ನ್ಯಾಯಾಲಯ ಅವನನ್ನು ಬಿಡುಗಡೆ ಮಾಡಿತು. 2005ರಲ್ಲಿ ಉಚ್ಚ ನ್ಯಾಯಾಲಯ ತಪ್ಪಿತಸ್ಥನೆಂದಿತು. 2010ರ ಮೇ 7ರಂದು ಸರ್ವೋಚ್ಚ ನ್ಯಾಯಾಲಯ ಅದನ್ನೇ ಎತ್ತಿಹಿಡಿಯಿತು. ಫಿರ್ಯಾದಿಯ ನೋಟೀಸಿಗೆ ಅವನು ಉತ್ತರವನ್ನೇ ಕೊಟ್ಟಿರಲಿಲ್ಲ. ಆ ಮೌನ ಎದುರಾಳಿಯ ಮಾತಿಗೇ ಬಲವಾಯಿತು. ಆದರೆ ಅದೇ ತೀರ್ಪು ಮತ್ತೊಂದು ಬಾಗಿಲನ್ನೂ ತೆರೆದಿಟ್ಟಿತು: ಆಪಾದಿತ ತನ್ನ ಮಾತನ್ನು ಸಂಶಯಾತೀತವಾಗಿ ಸ್ಥಾಪಿಸಬೇಕಾಗಿಲ್ಲ, ಅದು ಸಂಭವನೀಯವೆಂದು ತೋರಿಸಿದರೆ ಸಾಕು.

ಆ ಬಾಗಿಲಿನಿಂದ ಹೊರಬಂದವನ ಕಥೆ ಎರಡನೆಯದು. ಆರು ಲಕ್ಷ ರೂಪಾಯಿಯ ಚೆಕ್ಕು. ಫಿರ್ಯಾದಿ ನಿವೃತ್ತ ಬಸ್ ಕಂಡಕ್ಟರು. ಅಷ್ಟು ಹಣ ಸಾಲ ಕೊಡುವ ಶಕ್ತಿ ಇವರಿಗೆ ಇತ್ತೆ ಎಂಬ ಒಂದೇ ಪ್ರಶ್ನೆಯನ್ನು ಪ್ರತಿವಾದ ಹಿಡಿಯಿತು. ಆ ಕಾಲದಲ್ಲಿ ಬೇರೆ ಬೇರೆ ಕಡೆ ಅವರು ಕೊಟ್ಟಿದ್ದ ಹಣದ ಲೆಕ್ಕ ನ್ಯಾಯಾಲಯದ ಮುಂದೆ ಬಂದಿತು. ಉಚ್ಚ ನ್ಯಾಯಾಲಯದಲ್ಲಿ ಶಿಕ್ಷೆಯಾಗಿದ್ದರೂ 2019ರಲ್ಲಿ ಸರ್ವೋಚ್ಚ ನ್ಯಾಯಾಲಯ ಬಿಡುಗಡೆಯ ತೀರ್ಪನ್ನೇ ಉಳಿಸಿತು. ಪಾಟೀಸವಾಲು ಎಂದರೆ ಮೇಜು ಗುದ್ದಿ ಗುಡುಗುವುದೆಂದು ಚಲನಚಿತ್ರಗಳು ನಂಬಿಸಿವೆ. ನಿಜವಾದ ಪಾಟೀಸವಾಲು ಮೆಲುದನಿಯ ಗಣಿತ. ಕೂಡುವುದು, ಕಳೆಯುವುದು, ಉಳಿದುದನ್ನು ನ್ಯಾಯಾಧೀಶರ ಮುಂದಿಡುವುದು.

ಹಾಗೆಂದು ಖಾಲಿ ಚೆಕ್ಕು ಕೊಟ್ಟವರು ನಿಶ್ಚಿಂತರಾಗಬೇಕಾಗಿಲ್ಲ. ಯಾವುದಾದರೂ ಸಂದಾಯಕ್ಕಾಗಿ ಮನಃಪೂರ್ವಕವಾಗಿ ರುಜು ಹಾಕಿಕೊಟ್ಟ ಚೆಕ್ಕನ್ನು ಪಡೆದವನು ತುಂಬಿಕೊಂಡ ಮಾತ್ರಕ್ಕೆ ಅದು ಅಸಿಂಧುವಾಗದೆಂದು ಅದೇ 2019ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆ. ರುಜುವಿಗೆ ಮೊದಲಿನ ಒಂದು ನಿಮಿಷದ ಯೋಚನೆಗೆ, ರುಜುವಿನ ಅನಂತರದ ಹತ್ತು ವರ್ಷದ ವಕೀಲಿಕೆ ಸಾಟಿಯಾಗಲಾರದು.

ತಪ್ಪು ಮಾಡಿದವನ ಪರವಾಗಿ ನಿಲ್ಲುವುದು ಸರಿಯೆ ಎಂಬ ಪ್ರಶ್ನೆ ಮನೆಮನೆಗಳಲ್ಲಿಯೂ ಏಳುವಂಥದು. ತಪ್ಪು ಮಾಡಿದನೆ ಎಂಬುದನ್ನು ತೀರ್ಮಾನಿಸುವುದು ನ್ಯಾಯಾಧೀಶರ ಕೆಲಸ. ಆ ತೀರ್ಮಾನಕ್ಕೆ ಮುನ್ನ ಆಪಾದಿತನ ಮಾತು ಅವರಿಗೆ ಪೂರ್ಣವಾಗಿ ಕೇಳಿಸುವಂತೆ ಮಾಡುವುದು ವಕೀಲನ ಕೆಲಸ. ತನ್ನ ಇಷ್ಟದ ನ್ಯಾಯವಾದಿಯಿಂದ ಪ್ರತಿವಾದ ಹೂಡುವುದು ಬಂಧಿತನ ಹಕ್ಕೆಂದು ಸಂವಿಧಾನದ 22ನೆಯ ವಿಧಿಯೇ ಹೇಳುತ್ತದೆ. ಹಣವಿಲ್ಲದವರಿಗೆ, ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 1987ರ ಕಾಯಿದೆ ಉಚಿತ ಕಾನೂನು ನೆರವನ್ನು ಕೊಟ್ಟಿದೆ. ಆದರೆ ಸುಳ್ಳು ಸಾಕ್ಷಿಯನ್ನು ಕಟ್ಟಿ ನಿಲ್ಲಿಸುವ ಹಕ್ಕನ್ನು ಯಾವ ಕಾಯಿದೆಯೂ ಯಾರಿಗೂ ಕೊಟ್ಟಿಲ್ಲ. ಕರಿಯ ಕೋಟಿನ ಮಾನವಿರುವುದು ಈ ಗೆರೆಯನ್ನು ದಾಟದಿರುವುದರಲ್ಲಿ.

ಗೆದ್ದವನು ಸೋತ, ಸೋತವನು ಸತ್ತ ಎಂಬ ನಮ್ಮ ಜನರ ಮಾತು ವಕೀಲನಿಗೆ ತಿಳಿಯದ್ದಲ್ಲ. ಅದಕ್ಕೆ ಉತ್ತರವಾಗಿ ನಿಂತ ಬಾಳೊಂದು ನಮ್ಮ ಕಣ್ಣ ಮುಂದಿದೆ. 1893ರಲ್ಲಿ ಮೋಹನದಾಸ ಗಾಂಧಿ ದಕ್ಷಿಣ ಆಫ್ರಿಕಕ್ಕೆ ಹೋದದ್ದು ಒಂದು ವ್ಯಾಪಾರದ ಮೊಕದ್ದಮೆಗಾಗಿಯೇ. ಇಬ್ಬರು ಬಂಧುಗಳ ನಡುವೆ 40,000 ಪೌಂಡುಗಳ ವ್ಯಾಜ್ಯ. ಯುವಕ ಗಾಂಧಿ ಲೆಕ್ಕಪತ್ರಗಳನ್ನು ಅಭ್ಯಾಸಮಾಡಿ ತನ್ನ ಕಕ್ಷಿಯದೇ ನ್ಯಾಯವೆಂದು ಕಂಡರೂ ಇಬ್ಬರನ್ನೂ ಪಂಚಾಯಿತಿಗೆ ಒಪ್ಪಿಸಿದನು. ಗೆದ್ದವನು ಸೋತವನಿಗೆ ಕಂತುಗಳಲ್ಲಿ ಹಣ ಕಟ್ಟಲು ಬಿಟ್ಟನು. ಒಂದು ಮನೆತನ ದಿವಾಳಿಯಾಗುವುದು ತಪ್ಪಿತು. ಹಾಸನ ಜಿಲ್ಲೆಯ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು ಕನ್ನಡಕ್ಕೆ ತಂದ ಗಾಂಧೀಜಿಯ ಆತ್ಮಕಥೆಯಲ್ಲಿ ಈ ಪ್ರಸಂಗ ಬರುತ್ತದೆ.

ಚೆಕ್ಕಿನ ಮೊಕದ್ದಮೆಯನ್ನು ರಾಜಿಯಲ್ಲಿ ಮುಗಿಸಲು ಈಗ 147ನೆಯ ಕಲಮು ಅವಕಾಶ ಕೊಟ್ಟಿದೆ. ಲೋಕ ಅದಾಲತ್ತೂ ಇದೆ. ವಾದಿಸಲು ಬಲ್ಲವನು ವಕೀಲ. ವಾದವನ್ನು ಎಲ್ಲಿ ನಿಲ್ಲಿಸಬೇಕೆಂದೂ ಬಲ್ಲವನಾದರೆ, ಅವನ ಕಚೇರಿಯಿಂದ ಗೆಂಡೆಹಳ್ಳಿಯ ಬಸ್ಸು ಹತ್ತುವ ಬೆಳೆಗಾರನಿಗೆ ತೋಟವೂ ಉಳಿಯುತ್ತದೆ, ಸಾಲ ಕೊಟ್ಟವನ ಮುಖ ನೋಡುವ ಧೈರ್ಯವೂ ಉಳಿಯುತ್ತದೆ.