ಒಳಗಿನಿಂದ ಹಾಕುವ ಚಿಲಕ

1921ರಲ್ಲಿ ನಾಗಪುರದಲ್ಲಿ ನಾಲ್ಕು ಹಾಸಿಗೆಗಳ ಹೆರಿಗೆಮನೆಯೊಂದು ಆರಂಭವಾಯಿತು. ಮುಂದೆ ಮಾತೃ ಸೇವಾ ಸಂಘವಾಗಿ ಬೆಳೆದ ಈ ಸಂಸ್ಥೆಯನ್ನು ಕಟ್ಟಿದವರು ವೇಣುತಾಯಿ ನೇನೆ ಮತ್ತು ಕಮಲಾತಾಯಿ ಹೊಸಪೇಟ್. ಎರಡನೆಯ ಹೆಸರು ಕಿವಿಗೆ ಬಿದ್ದಾಗ ಈ ಊರಿನ ಕನ್ನಡಿಗರಾದ ನಾವು ಒಂದು ಕ್ಷಣ ನಿಲ್ಲುತ್ತೇವೆ. ಹದಿಹರೆಯದಲ್ಲೇ ವಿಧವೆಯಾಗಿ, ದಾದಿಯ ತರಬೇತಿ ಪಡೆದ ಆಕೆಗೆ 1961ರಲ್ಲಿ ಪದ್ಮಶ್ರೀ ಬಂತು. ಹೆರಿಗೆಗೆ ಸುರಕ್ಷಿತವಾದೊಂದು ಜಾಗ ಬೇಕೆಂಬುದನ್ನು ಆ ಇಬ್ಬರು ಊರಿಗೆ ತೋರಿಸಿಕೊಟ್ಟರು. ಹೆರಿಗೆಯಾದ ಮೇಲೆ, ಹೋಗಲು ಮನೆಯಿಲ್ಲದ ಎಳೆಯ ಬಾಣಂತಿ ಕೂಸನ್ನೆತ್ತಿಕೊಂಡು ಎಲ್ಲಿಗೆ ಹೋಗಬೇಕು? ನೂರು ವರ್ಷ ಕಳೆದರೂ ಈ ಪ್ರಶ್ನೆಗೆ ನಾವು ಕೊಟ್ಟಿರುವ ಉತ್ತರ ಅರೆಬರೆಯದೇ.

ಉತ್ತರವೇ ಇಲ್ಲವೆಂದಲ್ಲ. 'ಸಖಿ' ಕೇಂದ್ರದಲ್ಲಿ ಐದು ದಿನಗಳ ತಾತ್ಕಾಲಿಕ ಆಶ್ರಯವುಂಟು. ದೀರ್ಘಕಾಲದ ಆಶ್ರಯಕ್ಕೆ ಸ್ವಾಧಾರ ಗೃಹಗಳಿದ್ದವು. 2022ರಲ್ಲಿ ಅವು ಮಿಷನ್ ಶಕ್ತಿಯಡಿ 'ಶಕ್ತಿ ಸದನ'ಗಳಾದವು. ಸ್ವಾಧಾರದ 2015ರ ಮಾರ್ಗಸೂಚಿಯಲ್ಲಿ ಗೃಹವೊಂದಕ್ಕೆ 30 ಮಂದಿಯ ಲೆಕ್ಕವಿತ್ತು. ಹೆಣ್ಣುಮಕ್ಕಳು 18 ವರ್ಷದವರೆಗೆ ತಾಯಿಯ ಜೊತೆಗಿರಬಹುದಿತ್ತು, ಗಂಡುಮಕ್ಕಳು ಎಂಟರವರೆಗೆ ಮಾತ್ರ. ಎಂಟು ದಾಟಿದ ಹುಡುಗ ಬಾಲಮಂದಿರಕ್ಕೆ ಹೋಗಬೇಕಿತ್ತು. ನಮ್ಮ ವಸತಿಗೃಹಗಳಲ್ಲಿ ಪಾತ್ರೆ ತೊಳೆಯುತ್ತಿದ್ದ ಇಪ್ಪತ್ತೈದರ ಹೆಣ್ಣುಮಗಳೊಬ್ಬಳು ಈ ಮಾತು ಕೇಳಿದವಳೇ ಆಶ್ರಯದ ಆಸೆ ಬಿಟ್ಟಳು. ಅವಳ ಮಗನಿಗೆ ಆಗ ಒಂಬತ್ತು. ಅಣ್ಣನ ಮನೆಯ ಮುಂದೆ ತಾಡಪಾಲು ಕಟ್ಟಿಕೊಂಡು ಮಳೆಗಾಲ ಕಳೆದಳು.

ನಿಯಮ ಮಾಡಿದವರು ಕಟುಕರೇನಲ್ಲ. ದೊಡ್ಡ ಹಾಲ್‌ನಲ್ಲಿ ಪರಿಚಯವಿಲ್ಲದ ಹೆಂಗಸರು, ಕಿಶೋರಿಯರು ಸಾಲಾಗಿ ಮಲಗುವಾಗ, ಬೆಳೆಯುತ್ತಿರುವ ಹುಡುಗ ಅಲ್ಲಿರುವುದು ಎಲ್ಲರಿಗೂ ಮುಜುಗರ. ಆದರೆ ಇದು ಹುಡುಗನ ದೋಷವೇ, ಹಾಲ್‌ನ ದೋಷವೇ? ಪ್ರತಿ ತಾಯಿಗೂ ಒಂದು ಪುಟ್ಟ ಕೋಣೆ, ಒಳಗಿನಿಂದ ಹಾಕಿಕೊಳ್ಳುವ ಒಂದು ಚಿಲಕ ಇದ್ದರೆ ಇಂಥ ನಿಯಮದ ಅಗತ್ಯವೇ ಬಹುಮಟ್ಟಿಗೆ ಇಲ್ಲವಾಗುತ್ತದೆ. ಗೋಡೆ ಕಟ್ಟುವ ಖರ್ಚು ಉಳಿಸಿ ನಾವು ತಾಯಿ-ಮಗನನ್ನು ಅಗಲಿಸುತ್ತಿದ್ದೇವೆ.

ಕಡತಗಳ ನಡುವೆ ಬದುಕುವ ನಮಗೆ ಗೊತ್ತು, 'ಸಾಮರ್ಥ್ಯ' ಎಂಬ ಅಂಕಣದಲ್ಲಿ ಹಾಸಿಗೆಗಳ ಸಂಖ್ಯೆ ತುಂಬಿದರೆ ಕೆಲಸ ಮುಗಿಯಿತು. ಅದೇ ಅಂಕಣದಲ್ಲಿ ಬಾಗಿಲುಗಳ ಸಂಖ್ಯೆಯನ್ನೂ ಕೇಳಲಿ. ಮೇ ತಿಂಗಳಲ್ಲಿ ನಾಗಪುರದ ಬಿಸಿಲು 45 ಡಿಗ್ರಿ ದಾಟುತ್ತದೆ. ಕಾದ ತಾರಸಿಯ ಕೆಳಗಿನ ಮಹಡಿಯಲ್ಲಿ ಹಸುಗೂಸನ್ನು ಮಲಗಿಸುವುದು ಹೇಗೆ? ಬಾಣಂತಿಯರಿಗೆ ನೆಲಮಹಡಿ, ನೆರಳಿನ ಜಗಲಿ, ಕೂಲರ್ ಇಡಲು ಕಿಟಕಿ, ರಾತ್ರಿ ದೂರ ನಡೆಯಬೇಕಿಲ್ಲದ ಶೌಚಾಲಯ ಬೇಕು. ಅಂಗಳದಲ್ಲೇ ಶಿಶುಪಾಲನಾ ಕೇಂದ್ರವಿದ್ದರೆ ತಾಯಿ ಕೆಲಸಕ್ಕೆ ಹೋದಾಳು. ಕಟ್ಟಡ ಊರಾಚೆ ಬೇಡ. ಡಾಗಾ ಸ್ತ್ರೀ ಆಸ್ಪತ್ರೆಗೂ ಬಸ್ಸಿಗೂ ಹತ್ತಿರವಿರಲಿ. ಅಡುಗೆಯೂ ಅವಳದೇ ಕೈಯಲ್ಲಿರಲಿ. ಬೆಂಕಿಯ ಭಯವೆನ್ನುವ ಮೇಲ್ವಿಚಾರಕಿಯರು ತಮ್ಮ ಮನೆಯಲ್ಲಿ ದಿನಾ ಒಲೆ ಹಚ್ಚುವವರೇ ತಾನೆ!

ಇನ್ನು ಅವಧಿ. ಮನೆಯವರ ಹಿಂಸೆಗೆ ಹೆದರಿ ಬಂದವಳಿಗೆ ಸ್ವಾಧಾರದಲ್ಲಿದ್ದದ್ದು ಒಂದು ವರ್ಷ. ಆಮೇಲೆ ಬಾಡಿಗೆಮನೆ ಹುಡುಕಲು ಹೊರಟರೆ ಮನೆಯೊಡೆಯ ಮೊದಲು ಕೇಳುವುದು ಗಂಡನನ್ನು, ಆಮೇಲೆ ಮುಂಗಡವನ್ನು. ಈ ಎರಡನೆಯ ಪ್ರಶ್ನೆಗಾದರೂ ಸರ್ಕಾರ ಅವಳ ಪರವಾಗಿ ಉತ್ತರಿಸಬಹುದು. ಮುಂಗಡಕ್ಕೆ ಜಾಮೀನು ನಿಂತು, ಹೊರಬಂದ ಮೊದಲ ವರ್ಷದ ಅರ್ಧ ಬಾಡಿಗೆಯನ್ನು ಹೊರಲಿ.